ಬಂದರು, ತಂದರು

ದಿಂಬುಗಳಿಗೆ ಹತ್ತಿದ ಕೊಬ್ಬರಿ ಎಣ್ಣೆಯನ್ನು ಅಂಟುವಾಳದ ನೊರೆಯಲ್ಲಿ ಒರೆಸಿ ಒರೆಸಿ ನತಾಲಿನ್‌ಗೆ ಸೊಂಟ ಹಿಡಿದುಹೋಗಿತ್ತು. ಈ ಊರಿನವರಿಗೆ ಅನ್ನ ಒಂದು ಹೊತ್ತು ತಪ್ಪಿದರೂ ನಡೆದೀತು, ತಲೆಗೆ ಎಣ್ಣೆ ತಪ್ಪಬಾರದು. ಎಣ್ಣೆ ಇಳಿದರೆ ದಿಂಬಿನೊಳಗಿನ ಕೂದಲೆಳೆಯಂಥ ತಂತಿ ಮಂಕಾಗುತ್ತದೆ. ತಂತಿ ಮಂಕಾದರೆ ಕನಸು ಮಬ್ಬಾಗುತ್ತದೆ. ಲವಂಗದ ತೋಟ ಬರಬೇಕಾದ ಕಡೆ ಬರೀ ಎಣ್ಣೆಯ ಕಮಟು ಬಂತೆಂದು ಜನ ಎದ್ದು ಕೂತು ದೂರುತ್ತಾರೆ.

ತೊಳೆದ ದಿಂಬುಗಳನ್ನು ಅವಳು ತಾರಸಿಯ ಕಟ್ಟೆಯ ಮೇಲೆ ಸಾಲಾಗಿ ಒಣಹಾಕುತ್ತಿದ್ದಳು. ಕೆಳಗೆ ಕಾರವಾರದ ಕಡಲು ಬೆಳಗಿನ ಬಿಸಿಲಿಗೆ ಕಣ್ಣು ಮುಚ್ಚಿಕೊಂಡಂತೆ ಮಲಗಿತ್ತು.

ದಾಮೂದಿ ಸಾಹೇಬರು ಮೆಟ್ಟಿಲೇರಿ ಬಂದು ಏದುಸಿರು ಬಿಡುತ್ತ ನಿಂತರು. ಭಟ್ಕಳದವರು, ಈ ಮನೆಗೆ ಹಿರಿಯರು. "ನತಾಲಿನ್ ಬಾಯಿ, ಈ ಎಣ್ಣೆ ಹಿಂಡಿ ಇಟ್ಟರೆ ಎರಡು ದಿನ ಬಂಗಡೆ ಹುರಿಯಬಹುದಲ್ಲ!"

"ಹುರೀಬಹುದು ಸಾಹೇಬ್ರ. ಆದ್ರ ಆ ಬಂಗಡೆ ತಿಂದವರಿಗೆ ಊರ ಮಂದಿ ಕನಸೆಲ್ಲಾ ಬೀಳ್ತಾವ, ನೋಡ್ರಿ ಮತ್ತ."

ಸಾಹೇಬರು ನಕ್ಕರು. ಆಮೇಲೆ ಗಡ್ಡ ನೀವಿಕೊಂಡು, ಕಡಲಿನ ಕಡೆಗೇ ನೋಡುತ್ತ, "ಗಾಳಿ ತಿರುಗಿದೆ. ಟಪಾಲಿನ ಹಾಯಿಹಡಗು ನಾಳೆ ಹೊರಡುತ್ತದಂತೆ," ಎಂದರು.

ನತಾಲಿನ್ ಒಂದು ದಿಂಬನ್ನು ಸುಮ್ಮನೆ ಎರಡನೇ ಸಲ ಒರೆಸಿದಳು.

ಆ ಮನೆಗೆ ಜನ ಇಟ್ಟ ಹೆಸರು ಕೂಡುಚರಿತ್ರೆಯ ಮನೆ. ಆಫ್ರಿಕದ ದಡದಿಂದ ಹಿಡಿದು ಅರಬರ ನಾಡು, ನಮ್ಮ ಕರಾವಳಿ, ಸಿಂಹಳ, ಆಚೆ ಜಾವಾದವರೆಗೆ, ಒಂದೇ ಕಡಲಿನ ಸುತ್ತ ಕೂತ ನಾಡುಗಳೆಲ್ಲ ಒಂದು ಕಾಲಕ್ಕೆ ಕೂಡಿ ಮಾತಾಡಿಕೊಂಡವು. ಅಲ್ಲಿಯತನಕ ಪ್ರತಿ ನಾಡಿನ ಪುಸ್ತಕದಲ್ಲೂ ತನ್ನ ರಾಜನೇ ಎತ್ತರದ ಮೇಲೆ; ಉಳಿದವರೆಲ್ಲ ಒಂದೋ ವೈರಿಗಳು, ಇಲ್ಲವೇ ಗಿರಾಕಿಗಳು. ಒಂದೇ ನೀರು ಕುಡಿಸಿದ ಉಪ್ಪು ಎಲ್ಲರ ಮೈಯಲ್ಲಿದ್ದ ಮೇಲೆ ಚರಿತ್ರೆಯನ್ನೂ ಒಂದಾಗಿ ಹೊಂದಿಸೋಣ ಎಂದರು. ಹೇಳುವುದು ಸುಲಭ. ಯಾವ ಭಾಷೆಯಲ್ಲಿ ಬರೆಯುವುದು? ಯಾರನ್ನು ಮೊದಲು ಕೂಡಿಸುವುದು? ಆ ಜಗಳದಲ್ಲೇ ಒಂದು ತಲೆಮಾರು ಹಣ್ಣಾಯಿತು. ಕೊನೆಗೆ, ಬರೆಯುವುದೇ ಬೇಡ, ಎಲ್ಲರೂ ಸೇರಿ ಕನಸು ಕಾಣೋಣ ಎಂಬಲ್ಲಿಗೆ ಮಾತು ನಿಂತಿತು.

ಹಾಗೆ ಮಗ್ಗ ಬಂತು. ಯಂತ್ರವೇ ಅದು, ಆದರೆ ಜನ ಕರೆದದ್ದು ಮಗ್ಗವೆಂದು. ಎಲ್ಲ ದಡದವರೂ ತಮ್ಮ ಹಾಡು, ಅಡುಗೆ, ದೋಣಿಯ ಕಟ್ಟು, ಬೈಗುಳ, ಬೇಡಿಕೆ ಎಲ್ಲವನ್ನೂ ಅದರ ಬಾಯಿಗೆ ಹಾಕಿದರು. ಅದು ಎಳೆಗೆ ಎಳೆ ಹುಡುಕಿ ನೇಯುತ್ತಿತ್ತು. ನೇಯ್ದದ್ದು ಮಧ್ಯಾಹ್ನದ ಹೊತ್ತು ಒಂದೊಂದು ಪಾಠವಾಗಿ ದಿಂಬುಗಳಿಗೆ ಇಳಿದು ಬರುತ್ತಿತ್ತು. ಮಗ್ಗ ಚಿತ್ರ ಕಳಿಸುವುದಿಲ್ಲ. ಅದಕ್ಕೆ ಆ ಶಕ್ತಿಯಿಲ್ಲ. ಮಲಗಿದವರ ರೆಪ್ಪೆಯ ಕೆಳಗೆ ಕಣ್ಣು ಅಲುಗತೊಡಗಿದಾಗ ಒಂದಿಷ್ಟು ಸದ್ದು, ಒಂದೆಳೆ ವಾಸನೆ, ಸ್ವಲ್ಪ ತಂಪು, ಸ್ವಲ್ಪ ಬಿಸಿ, ಅಷ್ಟೇ ಬಿತ್ತುತ್ತದೆ. ಬೀಜ ಅದರದು, ಗಿಡ ಮಲಗಿದವರದು. ಹಾಗಾಗಿ ಒಂದೇ ಪಾಠದಲ್ಲಿ ಒಬ್ಬೊಬ್ಬರಿಗೆ ಅವರವರ ಅಜ್ಜಿಯ ಮುಖವೇ ಕಾಣುತ್ತಿತ್ತು.

ಊರು ಬೇಗ ಒಗ್ಗಿಕೊಂಡಿತು. ಮಧ್ಯಾಹ್ನವಾದರೆ ಮೀನುಪೇಟೆಯ ಹೆಂಗಸರು ಬುಟ್ಟಿಯ ಮೇಲೆ ಗೋಣಿ ಹೊದಿಸಿ ದಿಂಬಿಗೆ ತಲೆ ಕೊಡುವರು. ಎದ್ದವರೇ ಮಸ್ಕತ್ತಿನ ಖರ್ಜೂರ ಎಷ್ಟು ಸಿಹಿಯೆಂದು ನಾಲಿಗೆ ಚಪ್ಪರಿಸುವರು. ಮಾತು ಬಿಟ್ಟ ಇಬ್ಬರು ಓರಗಿತ್ತಿಯರು ಒಂದೇ ಹಡಗಿನಲ್ಲಿ ಪಕ್ಕಪಕ್ಕ ಕೂತು ಬಂದಂತೆ ಕನಸು ಕಂಡು ಮತ್ತೆ ಮಾತಾಡಿದರು, ವಾರವಾಗುವುದರೊಳಗೆ ಮತ್ತೆ ಬಿಟ್ಟರು. ಇರಲಿ, ಕನಸಾದರೂ ಎಷ್ಟೆಂದು ದುಡಿದೀತು?

ನತಾಲಿನ್‌ಳ ಕೆಲಸ ಈ ದಡದ ಎಳೆಗಳನ್ನು ಹೊಂದಿಸಿ ಮಗ್ಗಕ್ಕೆ ಕೊಡುವುದು. ದಿಂಬು ತೊಳೆಯುವ ಸರದಿ ಮಾತ್ರ ಸಾಹೇಬರಿಂದ ಹಿಡಿದು ಎಲ್ಲರಿಗೂ ಇತ್ತು. ಅವಳು ಹಳಿಯಾಳದ ಕಡೆಯ ಸಿದ್ದಿಯವಳು. ಅವಳ ಹಿರಿಯರ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕದ ದಡದಿಂದ ಹಡಗಿನಲ್ಲಿ ತುಂಬಿ ತಂದು ಗೋವೆಯ ದಕ್ಕೆಯಲ್ಲಿ ಮಾರಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಇದು ಮುಚ್ಚಿಟ್ಟ ಮಾತೇನಲ್ಲ. ಅವಳ ಅವ್ವ ರೊಟ್ಟಿ ತಟ್ಟುತ್ತ ಹೇಳುವ ಮಾತಾಗಿತ್ತು: "ನಾವು ಬಂದಿಲ್ಲ ಮಗಾ, ನಮ್ಮನ್ನ ತಂದ್ರು."

ಆದರೆ ಮಗ್ಗ ನೇಯ್ದ ಹಡಗಿನ ಪಾಠದಲ್ಲಿ ಹಾಗಿರಲಿಲ್ಲ. ಅದರಲ್ಲಿ ಮಲಗಿದವರೆಲ್ಲ ಹಡಗಿನಿಂದ ತಾವೇ ಇಳಿದು ಬರುತ್ತಿದ್ದರು. ಕುದುರೆ ತಂದ ಅರಬ, ರೇಷ್ಮೆ ತಂದ ಚೀನಿ, ಸಿದ್ದಿ, ಪಾರಸಿ, ಎಲ್ಲರೂ ಒಂದೇ ಹಲಗೆಯ ಮೇಲೆ ಹೆಜ್ಜೆಯಿಡುತ್ತ, ನಗುತ್ತ, ದಡದವರ ಕೈ ಹಿಡಿಯುತ್ತ ಬರುವರು.

ತಪ್ಪು ನಡೆದದ್ದು ಒಂದು ಪದದಲ್ಲಿ. ಮೊದಲು ಎಳೆ ಕೊಟ್ಟವರು ಕನ್ನಡದ ದಡದವರು. ಹಡಗು ನಿಲ್ಲುವ ಊರುಗಳನ್ನೆಲ್ಲ ಒಂದು ಕಟ್ಟು ಮಾಡಿ, ಮೇಲೆ 'ಬಂದರು' ಎಂದು ಬರೆದು ಕೊಟ್ಟರು. ಕಾರವಾರ ಬಂದರು, ಹೊನ್ನಾವರ ಬಂದರು ಅನ್ನುತ್ತೇವಲ್ಲ, ಆ ಬಂದರು. ಆದರೆ ಕನಸಿಗೆ ಜಾಗದ ಹೆಸರು ಸಾಲದು. ಕನಸಿನಲ್ಲಿ ಮನುಷ್ಯ ಏನಾದರೂ ಮಾಡುತ್ತಿರಬೇಕು. ನಡೆಯಬೇಕು, ಓಡಬೇಕು, ಬೀಳಬೇಕು. ಮಗ್ಗ ಪ್ರತಿ ಕಟ್ಟಿನಲ್ಲೂ ಕ್ರಿಯೆ ಹುಡುಕುತ್ತದೆ. ಇಲ್ಲಿ ಹುಡುಕುವ ಕಷ್ಟವೇ ಇರಲಿಲ್ಲ. ಬಂದರು. ಯಾರು? ಅವರು. ಏನು ಮಾಡಿದರು? ಬಂದರು. ಇಷ್ಟು ಸಲೀಸಾದ ಎಳೆ ಸಿಕ್ಕಿದ್ದೇ ತಡ, ಉಳಿದ ದಡಗಳ ಹಡಗುಗಳನ್ನೆಲ್ಲ ಅದು ಇದಕ್ಕೇ ಪೋಣಿಸಿತು. ತಪ್ಪು ಗೊತ್ತಾಗುವ ಹೊತ್ತಿಗೆ ಕಡಲಿನ ಸುತ್ತಲೂ ಶಾಲೆಗಳ ದಿಂಬಿನ ಮೇಲೆ ಮಕ್ಕಳು ನಗುತ್ತ ಹಡಗಿಳಿಯುತ್ತಿದ್ದರು. ಚೆಂದದ ಕನಸು. ಯಾರಿಗೂ ಬಿಡಿಸಲು ಮನಸ್ಸಾಗಲಿಲ್ಲ.

ಆಗ ಆಫ್ರಿಕದ ದಡದ ಕಿಸೀವ ಎಂಬ ಪುಟ್ಟ ದ್ವೀಪದಿಂದ ಒಂದು ಕಾಗದ ಬಂತು. ಅಲ್ಲಿಯ ಕೂಡುಚರಿತ್ರೆಯ ಮನೆಗೆ ಹಿರಿಯಳಾದ ಮ್ವಾನಾಶಾ ಎಂಬ ಮುದುಕಿ ಬರೆದಿದ್ದಳು. ಗಾಳಿ ತಿರುಗುವ ಕಾಲಕ್ಕೆ ತಮ್ಮಲ್ಲಿ ಹೆಂಗಸರು ಮೊಣಕಾಲುದ್ದ ನೀರಿಗಿಳಿದು, ಹೋಗಿಬಿಟ್ಟವರನ್ನು ಹೆಸರು ಹಿಡಿದು ಕರೆಯುತ್ತಾರೆ ಎಂದಿದ್ದಳು. ಮುಂದೆ ಹೀಗಿತ್ತು: ನನ್ನಜ್ಜಿ ಕರೆದಳು, ನಾನೂ ಕರೆದೆ. ಈಗ ಕನಸಿನಲ್ಲಿ ನೋಡಿದರೆ ಅವರು ನಿಮ್ಮ ದಡದಲ್ಲಿ ನಗುತ್ತ ಇಳಿಯುತ್ತಿದ್ದಾರೆ. ಸುಖವಾಗಿ ಬಂದವರನ್ನು ಅಳುತ್ತ ಕರೆದರೆ ಅವರಿಗೂ ಭಾರ, ನಮಗೂ ಭಾರ. ಹೌದೆಂದು ನೀವು ಹೇಳಿದರೆ ಕರೆಯುವುದನ್ನು ನಿಲ್ಲಿಸುತ್ತೇವೆ. ಹುಡುಗಿಯರಿಗೆ ಆ ಹೆಸರುಗಳನ್ನು ಕಲಿಸುವುದೂ ಇಲ್ಲ. ಹೌದೋ, ಅಲ್ಲವೋ?

ಚರಿತ್ರೆ ಬದಲಾಗುವ ಮಾತು ಕಾಗದದ ಮೇಲೆ, ಹಾಯಿಯ ಹಡಗಿನಲ್ಲೇ ಹೋಗಬೇಕೆಂದು ದಡಗಳು ಒಪ್ಪಂದ ಮಾಡಿಕೊಂಡಿದ್ದವು. ಬೆರಳು ತಾಗಿದರೆ ಹಾರಿಹೋಗುವ ಸಂದೇಶದಲ್ಲಿ ಅವಸರಕ್ಕೆ ಏನು ಬೇಕಾದರೂ ಆದೀತು ಎಂಬ ಅಂಜಿಕೆ. ಇಲ್ಲಿಂದ ಆಚೆ ದಡಕ್ಕೆ ಹಾಯಿ ಹೋಗುವುದು ವರ್ಷಕ್ಕೊಮ್ಮೆ, ಮೂಡಗಾಳಿ ಹಿಡಿದಾಗ. 'ಅಲ್ಲ' ಎಂಬ ಕಾಗದ ಇಲ್ಲಿಂದ ಹೋದರೆ ಮಗ್ಗ ಹಡಗಿನ ಪಾಠವನ್ನು ಎಲ್ಲರಿಗೂ ಹೊಸದಾಗಿ ನೇಯಬೇಕು. ಎರಡು ಗಾಳಿ ಹೀಗೇ ಕಳೆದುಹೋಗಿದ್ದವು. "ಇದು ನಿಮ್ಮ ಮನೆಯ ಮಾತು ಬಾಯಿ, ನಾನು ಬರೆಯಲಾರೆ," ಎಂದು ಸಾಹೇಬರು ಕಾಗದವನ್ನು ನತಾಲಿನ್‌ಗೆ ಬಿಟ್ಟಿದ್ದರು.

ಅವಳು ಯಾಕೆ ಬರೆಯಲಿಲ್ಲವೆಂದರೆ, ಮನೆಯಲ್ಲಿ ಜುವಾನಾ ಇದ್ದಳು.

ಜುವಾನಾ ಅವಳ ಒಬ್ಬಳೇ ಮಗಳು. ಕಾರವಾರದ ಶಾಲೆಗೆ ಸೇರಿದ ಹೊಸದರಲ್ಲಿ, "ನೀವು ಯಾವ ದೇಶದವರು? ಕನ್ನಡ ಹೇಗೆ ಬರುತ್ತದೆ?" ಎಂದು ಹುಡುಗಿಯರು ಕೇಳುವುದು, ಅವಳ ಕೂದಲು ಮುಟ್ಟಿ ನೋಡುವುದು, ಇವಳು ಮನೆಗೆ ಬಂದು ಚೀಲ ಒಗೆದು ಗೋಡೆಗೆ ಮುಖ ಮಾಡಿ ಕೂರುವುದು, ಹೀಗಿತ್ತು. ಹಡಗಿನ ಪಾಠ ಆದ ಮೇಲೆ ಅದು ನಿಂತಿತು. ಎಲ್ಲರೂ ಹಡಗಿಳಿದವರೇ ಅಂದ ಮೇಲೆ ಯಾರನ್ನು ಯಾರು ಕೇಳುವುದು? ಜುವಾನಾಳ ಕನಸಿನಲ್ಲಿ ಅವಳ ಮುತ್ತಜ್ಜಿಯ ಮುತ್ತಜ್ಜಿ ಬಿಳಿ ಲಂಗ ಎತ್ತಿ ಹಿಡಿದು ಹಲಗೆಯ ಮೇಲಿಂದ ಕುಣಿಯುತ್ತ ಇಳಿಯುತ್ತಿದ್ದಳಂತೆ. ಪ್ರಣೀತಾ ಎಂಬ ಹುಡುಗಿಯ ಮುತ್ತಜ್ಜಿ ಆಕೆಯ ಕೈ ಹಿಡಿದಿದ್ದಳಂತೆ. ಅಲ್ಲಿಂದ ಇಬ್ಬರೂ ಒಂದೇ ಬೆಂಚು, ಒಂದೇ ಡಬ್ಬಿ.

ಆ ಬೆಂಚಿನಿಂದ ಮಗಳನ್ನು ಎಬ್ಬಿಸುವುದು ಹೇಗೆ? ಹಾಗೆಂದು ಕಡಲಿನಾಚೆ ನೀರಲ್ಲಿ ನಿಂತ ಮುದುಕಿಗೆ, ಸುಮ್ಮನಾಗು ತಾಯಿ ಎಂದು ಸುಳ್ಳು ಬರೆಯುವುದು ಹೇಗೆ?

"ಪದ ಬದಲಿಸಿ ನೋಡೇ ಬಿಡೂಣು ಸಾಹೇಬ್ರ," ಎಂದಳು ನತಾಲಿನ್, ಕೈಯ ನೊರೆ ಒರೆಸಿಕೊಳ್ಳುತ್ತ. "ಒಂದ ದಿಂಬಿಗೆ."

ಒಂದು ದಿಂಬಿನಷ್ಟು ನೇಯ್ಗೆಯನ್ನು ಇಲ್ಲೇ ಮಾಡಬಹುದಿತ್ತು. ಇಬ್ಬರೂ ಕೆಳಗಿಳಿದು ಮಗ್ಗದ ಕೋಣೆಗೆ ಬಂದರು. ತಣ್ಣಗಿನ ಕೋಣೆ, ಗೋಡೆಯ ತುಂಬ ಹಸಿರು ದೀಪಗಳು ಮಿಂಚುಹುಳುಗಳಂತೆ ಉಸಿರಾಡುತ್ತಿದ್ದವು. ಸಾಹೇಬರು 'ಬಂದರು' ತೆಗೆದು 'ತಂದರು' ಎಂದು ಕೂಡಿಸಿದರು. ಒಂದೇ ಅಕ್ಷರದ ಬದಲು. ಮಗ್ಗ ಬಹಳ ಹೊತ್ತು ಗುಂಯ್‌ಗುಟ್ಟಿತು.

"ಹೆದರಿಕೆಯಾದರೆ ಎಬ್ಬಿಸುತ್ತೇನೆ," ಎಂದರು ಸಾಹೇಬರು, ನತಾಲಿನ್ ದಿಂಬಿಗೆ ತಲೆ ಕೊಡುತ್ತಿದ್ದಂತೆ.

"ನಿಮಗ ಹ್ಯಾಂಗ ಗೊತ್ತಾಗ್ತೈತ್ರಿ, ನನಗ ಹೆದರಿಕಿ ಆಗೇದಂತ?"

"ನೀವು ಮಾತು ನಿಲ್ಲಿಸಿದರೆ ಸಾಕು, ಗೊತ್ತಾಗುತ್ತದೆ."

ನತಾಲಿನ್ ನಗುತ್ತಲೇ ಕಣ್ಣು ಮುಚ್ಚಿದಳು.

ಮೊದಲು ಉಪ್ಪಿನ ವಾಸನೆ, ಹಗ್ಗದ ವಾಸನೆ. ಸರಪಳಿ ಕಂಡೀತೆಂದು ಅವಳು ಗಟ್ಟಿಯಾಗಿದ್ದಳು. ಸರಪಳಿ ಕಾಣಲಿಲ್ಲ, ಕತ್ತಲೂ ಇರಲಿಲ್ಲ. ಎಲ್ಲೆಡೆ ಹಾಲಿನಂಥ ಬೆಳಕು. ಅವಳು ಸಾಗುತ್ತಿದ್ದಳು, ನೀರು ಜಾರುತ್ತಿತ್ತು, ಮೋಡ ಜಾರುತ್ತಿತ್ತು. ನಡೆಯಬೇಕೆಂದು ನೋಡಿಕೊಂಡರೆ ಅವಳಿಗೆ ಕಾಲೇ ಇರಲಿಲ್ಲ. ಕಡಿದದ್ದಲ್ಲ, ನೋವಿಲ್ಲ, ಬರೀ ಇಲ್ಲ. ಬಂದರು ಎಂದರೆ ಕಾಲು ತನ್ನದು. ತಂದರು ಎಂದರೆ ಕಾಲು ತಂದವರದು. ಬುಟ್ಟಿಯೊಳಗಿನ ಕುಂಬಳಕಾಯಿಗೆ ಕಾಲೇಕೆ? ಅವಳಿಗೆ ಮುಂದೇನೂ ಕಾಣುತ್ತಿರಲಿಲ್ಲ, ಮುಖ ಹಿಂದಕ್ಕಿತ್ತು. ಹಿಂದೆ ಒಂದು ದಡ ಸಣ್ಣದಾಗುತ್ತ, ಹುಬ್ಬಿನಷ್ಟಾಗುತ್ತ, ಎಳೆಯಷ್ಟಾಗುತ್ತ ಹೋಯಿತು. ಆ ಎಳೆಯ ಮೇಲಿಂದ ಯಾರೋ ಕರೆಯುತ್ತಿದ್ದರು. ಹೆಂಗಸಿನ ದನಿ. ಒಂದೇ ಹೆಸರು, ಮತ್ತೆ ಮತ್ತೆ. ಅದು ತನ್ನ ಹೆಸರೆಂದು ಅವಳಿಗೆ ಗೊತ್ತಿತ್ತು. ಹೆಸರು ಮಾತ್ರ ಕಿವಿಗೆ ತುಂಬುವಷ್ಟರಲ್ಲಿ ಗಾಳಿ ಕಿತ್ತುಕೊಳ್ಳುತ್ತಿತ್ತು.

ಎದ್ದಾಗ ಅವಳು ಎರಡೂ ಕೈಯಲ್ಲಿ ತನ್ನ ಮೊಣಕಾಲು ಹಿಡಿದುಕೊಂಡಿದ್ದಳು. ಸಾಹೇಬರು ನೀರು ಕೊಟ್ಟರು. ಕುಡಿದು ಅವಳು ಹೇಳಿದ್ದು ಇಷ್ಟೇ: "ಮೊದಲಿನ ಕನಸಿನ್ಯಾಗ ಆಚೆ ದಡ ಮೂಕಿದ್ದಂಗ ಇತ್ತು ಸಾಹೇಬ್ರ. ಬರಾವ್ರು ಮುಂದ ನೋಡ್ತಾರಲ್ಲ, ಹಿಂದಿಂದು ಕೇಳಂಗಿಲ್ಲ. ಇದರಾಗ ಕರೀತಾರ."

ಸಂಜೆ ಮನೆಯಲ್ಲಿ ಜುವಾನಾ ಕಿಟಕಿಯಲ್ಲಿ ಕೂತು ಹುಣಸೆಹಣ್ಣು ಚೀಪುತ್ತಿದ್ದಳು. ತಾಯಿಯ ಮುಖ ನೋಡಿದವಳೇ, "ಯಾಕವ್ವಾ, ಯಾರ ಸತ್ರು?" ಎಂದಳು.

ನತಾಲಿನ್ ಬಚ್ಚಿಡಲಿಲ್ಲ. ಪದದ ತಪ್ಪು, ಮುದುಕಿಯ ಕಾಗದ, ಕಾಲಿಲ್ಲದ ಕನಸು, ಎಲ್ಲ ಹೇಳಿದಳು. ಹೇಳುತ್ತಿದ್ದಂತೆ ಮಗಳ ಬಾಯಿಯಲ್ಲಿ ಹುಣಸೆ ನಿಂತಿತು.

"ನನ್ನ ಮುತ್ತಜ್ಜಿ ನಗತಾಳವ್ವಾ. ಆಕಿನ್ನ ಯಾಕ ಅಳಸ್ತಿ?"

"ನಾ ಅಳಸಂಗಿಲ್ಲ ಮಗಾ. ಆಕಿ ಅತ್ತಿದ್ಲು."

"ಸಾಲಿಯಾಗ ಎಲ್ಲಾರೂ ಬಂದವ್ರು, ನಾ ಒಬ್ಬಾಕಿ ತಂದಾಕಿ ಆಗಬೇಕೇನು? ಮತ್ತ ಕೇಳತಾರವರು. ಮತ್ತ ಕೂದಲಾ ಮುಟ್ಟತಾರ." ಹುಡುಗಿ ಹುಣಸೆಯ ಬೀಜವನ್ನು ಕಿಟಕಿಯಾಚೆ ಉಗಿದಳು. "ನೀ ಮುದುಕಿಗೆ ಬರಿ, ಸುಖದಾಗ ಅದಾರಂತ ಬರಿ. ಸುಳ್ಳ ಏನ ಅದರಾಗ? ನಾ ಸುಖದಾಗ ಅದೀನಿ."

ತಾಯಿ ಒಲೆಯ ಮೇಲಿನ ಗಂಜಿ ಇಳಿಸಿದಳು, ಮತ್ತೆ ಏರಿಸಿದಳು. ಮಗಳು ಗೋಡೆಗೆ ಮುಖ ಮಾಡಿದಳು, ಹಳೆಯ ದಿನಗಳ ಹಾಗೆ. ಗಂಜಿ ಆರಿತು.

ಆಮೇಲೆ ಗೋಡೆಯ ಕಡೆಯಿಂದ ದನಿ ಬಂತು. "ಅವ್ವಾ. ಕರೀತಿದ್ರು ಅಂದ್ಯಲ್ಲ. ಯಾರನ್ನ?"

"ನನ್ನ. ಅಂದ್ರ ಆಕಿನ್ನ."

"ಏನಂತ?"

"ಹೆಸರು ಸಿಗಲಿಲ್ಲ ಮಗಾ."

ಜುವಾನಾ ತಿರುಗಿದಳು. ಕಣ್ಣೀರು ಕೆನ್ನೆಯ ಮೇಲಿದ್ದಂತೆಯೇ ಹೇಳಿದಳು, "ನನಗ ನಿನಕಿಂತ ಕಿವಿ ಚಲೋ ಅದಾವು."

ನತಾಲಿನ್ ಬೇಡವೆಂದಳು, ಗದರಿದಳು, ಬೇರೆ ಮಾತು ತೆಗೆದಳು. ಹಟ ಹಿಡಿದ ಹುಡುಗಿ ಮರುದಿನ ಬೆಳಿಗ್ಗೆ ತಾಯಿಗಿಂತ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

ಮಗ್ಗದ ಕೋಣೆಯಲ್ಲಿ ಜುವಾನಾ ಮಲಗಿದಳು. ಸಾಹೇಬರು ದೀಪಗಳ ಕಡೆ ಕಣ್ಣಿಟ್ಟರು. ರೆಪ್ಪೆಯ ಕೆಳಗೆ ಕಣ್ಣು ಅಲುಗತೊಡಗಿದ ಸ್ವಲ್ಪ ಹೊತ್ತಿಗೆ ಹುಡುಗಿಯ ಹುಬ್ಬು ಗಂಟಾಯಿತು, ಪಾದಗಳು ಹಾಸಿಗೆಯ ಮೇಲೆ ಏನನ್ನೋ ತಡಕಾಡಿದವು. ನತಾಲಿನ್ ತಾಳಲಾರದೆ ಎರಡೂ ಪಾದಗಳನ್ನು ಅಂಗೈಯೊಳಗೆ ಗಟ್ಟಿಯಾಗಿ ಹಿಡಿದುಕೊಂಡಳು. ಯೋಚಿಸಿ ಮಾಡಿದ್ದಲ್ಲ. ಕೂಸಿನ ಕಾಲು ತಣ್ಣಗಾಗಿದ್ದವು, ಹಿಡಿದಳು.

ಹುಬ್ಬಿನ ಗಂಟು ನಿಧಾನವಾಗಿ ಸಡಿಲಾಯಿತು.

ಎದ್ದ ಜುವಾನಾ ಬೆಕ್ಕಿನ ಮರಿಯಂತೆ ಸುತ್ತ ನೋಡಿದಳು. "ಹೊತ್ಕೊಂಡ ಹೊಂಟಿದ್ರವ್ವಾ. ನಂದೇನೂ ನಡೀತಿರಲಿಲ್ಲ. ಆದ್ರ ಕಾಲು ಇದ್ವು. ಬೆಚ್ಚಗಿದ್ವು. ಯಾರೋ ಬಿಡಂಗಿಲ್ಲ ಅಂತ ಹಿಡಿದಂಗಿತ್ತು."

"ಹೆಸರು?"

"ಕೇಳ್ತು!" ಎಂದವಳು ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದಳು. "ಎದಿಯಾಗ ಅದ. ಬಾಯಿಗೆ ಬರವಲ್ದು."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಅಂದರೆ, ಕೈಯ ಬಿಸಿಯೂ ಕನಸಿಗೆ ಬೀಜವಾಯಿತು. ಮಗ್ಗ ಕಳಿಸಲಾರದ ಬೀಜ." ಕನ್ನಡಕ ಮತ್ತೆ ಏರಿಸಿಕೊಂಡು, "ಬಾಯಿ, ಈ ಪಾಠ ಹೊರಟರೆ ಮಲಗುವವರಿಗೆಲ್ಲ ಕಾಲು ಹಿಡಿಯುವವರು ಬೇಕಾಗುತ್ತಾರೆ. ಶಾಲೆಯಲ್ಲಿ ಯಾರು ಹಿಡಿಯುತ್ತಾರೆ? ಮಾಸ್ತರರು ಮೀನುಗಾರರ ಹುಡುಗನ ಕಾಲು ಹಿಡಿಯುತ್ತಾರೆಯೇ? ಯಾರ ಕಾಲನ್ನು ಯಾರು ಹಿಡಿಯಬೇಕು ಅಂತಲೇ ಅಲ್ಲವೇ ಈ ಕಡಲಿನ ಸುತ್ತ ಇಷ್ಟು ಕಾಲ ಬಡಿದಾಡಿದ್ದು?"

"ಅದಕ್ಕ ಹಿಡೀಬೇಕು," ಎಂದಳು ನತಾಲಿನ್.

"ಪ್ರಣೀತಾ ಹಿಡೀತಾಳೋ ಇಲ್ಲೋ ನೋಡೂಣು," ಎಂದಳು ಜುವಾನಾ. ದನಿಯಲ್ಲಿ ಧೈರ್ಯ ಅರ್ಧ, ಅಂಜಿಕೆ ಅರ್ಧ ಇತ್ತು. "ಹಿಡೀಲಿಲ್ಲಂದ್ರ ನಾ ಕೊಟ್ಟ ಮಾವಿನಕಾಯಿ ಡಬ್ಬಿ ವಾಪಸ್ ಇಸ್ಕೊಂತೀನಿ."

ದಾಮೂದಿ ಸಾಹೇಬರ ಮನೆತನದವರು ನಿಜಕ್ಕೂ ಬಂದವರು. ಹಾಯಿ ಬಿಚ್ಚಿ, ಸರಕು ತುಂಬಿ, ತಮ್ಮ ಕಾಲ ಮೇಲೆ ಬಂದವರೆಂದು ಅವರು ಹೆಮ್ಮೆಯಿಂದ ಹೇಳಿಕೊಳ್ಳುವುದಿತ್ತು. ಈ ಪಾಠಕ್ಕೆ ಮೊಹರು ಒತ್ತುವ ಮೊದಲು ತಾವೂ ಮಲಗಿ ಏಳಬೇಕು ಎಂದರು.

"ಹಿಡಿಯುವವರು?" ಎಂದು ನತಾಲಿನ್ ಕೇಳುವಷ್ಟರಲ್ಲಿ ಜುವಾನಾ ಅವರ ಕಾಲ ಬುಡದಲ್ಲಿ ಕೂತಾಗಿತ್ತು.

"ಅಜ್ಜಾ, ಸಾಕ್ಸ್ ತೆಗೀರಿ."

"ಬೇಡ ಮಗಳೇ, ಅದರ ಮೇಲೆಯೇ..."

"ತೂತು ಕಂಡೀತಂತ ನಾಚಿಕಿ ಏನ್ರಿ? ಹೆಬ್ಬೆಳ್ಳು ಆಗಲೇ ಹೊರಗ ಬಂದು ನಮಸ್ಕಾರ ಮಾಡೈತಿ."

ಸಾಹೇಬರು ಸಾಕ್ಸ್ ತೆಗೆದು, ಮುಖ ಕೆಂಪಗೆ ಮಾಡಿಕೊಂಡು ಮಲಗಿದರು. ಹಸಿರು ದೀಪಗಳು ಉಸಿರಾಡಿದವು. ಎದ್ದಾಗ ಅವರ ಗಡ್ಡ ನೆನೆದಿತ್ತು. ಎಷ್ಟೋ ಹೊತ್ತು ತಮ್ಮ ಕಾಲ್ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡರು. "ನಡುವೆ ಒಂದು ಸಲ ಬಿಟ್ಟೆಯಾ ಮಗಳೇ?"

"ಮೂಗು ತುರಿಸ್ತು ಅಜ್ಜಾ."

"ಹೂಂ. ಆಗ ಅಷ್ಟು ಹೊತ್ತು ನಾನು ಯಾರೂ ಆಗಿರಲಿಲ್ಲ." ಅವರು ನತಾಲಿನ್ ಕಡೆ ತಿರುಗಿದರು. "ಬರೆಯಿರಿ ಬಾಯಿ. ಹಡಗು ಹೊರಡುತ್ತದೆ."

ನತಾಲಿನ್ ಅಲ್ಲೇ ಕೂತು ಬರೆದಳು. ಎರಡು ವರ್ಷ ಮನಸ್ಸಿನಲ್ಲಿ ಉದ್ದುದ್ದ ಹೆಣೆದಿದ್ದ ಮಾತೆಲ್ಲ ಎಲ್ಲಿ ಹೋಯಿತೋ, ಬಂದದ್ದು ಸಣ್ಣ ಕಾಗದ.

"ಮ್ವಾನಾಶಾ ಅಜ್ಜಿಗೆ ನತಾಲಿನ್ ಮಾಡುವ ನಮಸ್ಕಾರ. ಅಲ್ಲ. ಅವರು ಬಂದವರಲ್ಲ, ಅವರನ್ನು ತಂದರು. ಹಡಗು ನಿಲ್ಲುವ ಜಾಗಕ್ಕೂ ತಾವಾಗಿ ಬಂದರು ಎನ್ನುವುದಕ್ಕೂ ನಮ್ಮಲ್ಲಿ ಒಂದೇ ಪದ, ಕನಸಿನ ಆ ನಗು ಹುಟ್ಟಿದ್ದು ಅಲ್ಲಿ. ಕರೆಯುವುದನ್ನು ನಿಲ್ಲಿಸಬೇಡಿ. ಕೇಳಿಸುತ್ತದೆ; ತಡವಾಗಿ ಕೇಳಿಸುತ್ತದೆ, ಅಷ್ಟೇ. ಹೆಸರುಗಳನ್ನು ಹುಡುಗಿಯರಿಗೆ ಕಲಿಸಿ, ನಮಗೂ ಕಳಿಸಿ. ನಮ್ಮ ಹುಡುಗಿಗೆ ಒಂದು ಹೆಸರು ಬಾಯಿಗೆ ಬರದೆ ನಿಂತಿದೆ. ಹೊಸ ಪಾಠ ಬಂದಾಗ ಮಲಗಿದವರ ಕಾಲನ್ನು ಯಾರಾದರೂ ಹಿಡಿದಿರಲಿ. ಯಾರ ಕಾಲನ್ನು ಯಾರು ಎಂದು ಆರಿಸಬೇಡಿ. ಇಲ್ಲಿ ನಾವು ಸುಖವಾಗಿಯೂ ಇದ್ದೇವೆ. ಅದೂ ನಿಜ. ಎರಡನ್ನೂ ಬರೆಯುತ್ತಿದ್ದೇನೆ."

ದಕ್ಕೆಯಲ್ಲಿ ಹಾಯಿ ಆಗಲೇ ಹೊಟ್ಟೆ ಉಬ್ಬಿಸಿಕೊಂಡಿತ್ತು. ಟಪಾಲು ಹಡಗು ನಡೆಸುವ ತಾಂಡೇಲ ಅಂಚಿನಲ್ಲಿ ನಿಂತು ಕೈಬೀಸಿ ಕೂಗಿದ. "ಓಡಿ ಬಾಯೀ! ಗಾಳಿ ಏನು ನಿಮ್ಮಪ್ಪನ ಮನೆಯದೇ, ನಿಲ್ಲು ಅಂದರೆ ನಿಲ್ಲಲಿಕ್ಕೆ?"

ನತಾಲಿನ್ ಓಡಿದಳು. ಹಿಂದೆ ಮಗಳು, ಅವಳ ಹಿಂದೆ ಬರಿಗಾಲಲ್ಲಿ ಸಾಹೇಬರು. ಹಡಗು ದಕ್ಕೆಯನ್ನು ಬಿಟ್ಟು ಒಂದು ಗೇಣು ಸರಿದಿತ್ತು. ಅವಳು ಕೈ ಚಾಚಿದಳು, ತಾಂಡೇಲ ಬಗ್ಗಿ ಕಾಗದದ ತುದಿ ಹಿಡಿದ. ನಡುವಿನ ನೀರು ಅಗಲವಾಗುತ್ತ ಬಂತು.

"ಬಿಡಿ ಬಾಯಿ," ಎಂದ ತಾಂಡೇಲ, ಈಗ ಮೆತ್ತಗೆ. "ನಾನು ಹಿಡಿದಿದ್ದೇನೆ."

ನತಾಲಿನ್ ಬಿಟ್ಟಳು.